ಹುಲ್ಲಿನ ಗೋದಲಿಯೂ ನಮ್ಮ ನೂರು ಕ್ರಿಸ್ತಜಯಂತಿಗಳೂ

ನೂರು ವರ್ಷಗಳನ್ನು ಎಣಿಸುವುದಕ್ಕೆ ಹಲವು ಬಗೆಗಳುಂಟು. ಜ್ಞಾನಸ್ನಾನದ ದಫ್ತರುಗಳನ್ನು ತೆರೆದು ಹೆಸರುಗಳನ್ನು ಎಣಿಸಬಹುದು. ಇಲ್ಲಿ ಸೇವೆ ಸಲ್ಲಿಸಿ ಹೋದ ವಿಚಾರಣಾ ಗುರುಗಳ ಪಟ್ಟಿಯನ್ನು ಬರೆಯಬಹುದು. ಹುಲ್ಲಿನ ಮಾಡು ಹೆಂಚಾದದ್ದು, ಮಣ್ಣಿನ ಗೋಡೆ ಕಲ್ಲಿನದಾದದ್ದು, ಗೋಪುರಕ್ಕೆ ಗಂಟೆ ಏರಿದ್ದು, ಇವುಗಳ ವೃತ್ತಾಂತವನ್ನು ಹೇಳಬಹುದು. ಆ ಕೆಲಸವನ್ನು ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ನಮಗಿಂತ ಬಲ್ಲವರು ಮಾಡಿದ್ದಾರೆ. ನಾವು ಇಲ್ಲಿ ಹಿಡಿದಿರುವ ಲೆಕ್ಕ ಬೇರೆ. ಈ ಊರಿನಲ್ಲಿ ದೇವಾಲಯವೆಂಬುದು ಎದ್ದು ನಿಂತ ಮೇಲೆ ನೂರು ಸಲ ಮಾರ್ಗಶಿರದ ಚಳಿ ಬಂದಿದೆ, ನೂರು ಸಲ ರಾಗಿಯ ಕೊಯ್ಲು ಮುಗಿದಿದೆ, ನೂರು ಸಲ ನಾವು ಒಂದು ಹಿಡಿ ಹೊಸ ಹುಲ್ಲನ್ನು ತಂದು ಬಾಲಯೇಸುವಿಗೆ ಹಾಸಿದ್ದೇವೆ. ಈ ನೂರು ಗೋದಲಿಗಳ ಕಥೆಯೇ ನಮ್ಮ ವಿಶ್ವಾಸದ ಕಥೆ ಎಂದು ನಮಗೆ ತೋರುತ್ತದೆ.

ಗೋದಲಿಯೆಂದರೆ ದನಕರುಗಳಿಗೆ ಮೇವು ಹಾಕುವ ತಾಣ. ನಮ್ಮ ಸೀಮೆಯ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಂತ ಲೂಕನು ಬರೆದ ಶುಭಸಂದೇಶವನ್ನು ಪೀಠದಿಂದ ಓದುವಾಗ, ಮಾತೆ ಮರಿಯಮ್ಮನವರು ತಮ್ಮ ಚೊಚ್ಚಲ ಮಗನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರೆಂಬ ಮಾತು ಬಂದೊಡನೆ, ಕೊಟ್ಟಿಗೆಯ ವಾಸನೆಯನ್ನು ಬಲ್ಲ ನಮ್ಮ ಹಿರಿಯರು ತಲೆದೂಗುತ್ತಿದ್ದರು. ಅದರ ಹಿಂದೆಯೇ ಬರುವ ಕಾರಣವನ್ನೂ ಅವರು ಮರೆಯುತ್ತಿರಲಿಲ್ಲ. ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ. ಹಾಗಾದರೆ ಗೋದಲಿಯನ್ನು ಕಟ್ಟುವುದೆಂದರೆ ಏನು? ಸ್ಥಳವಿಲ್ಲದವನಿಗೆ ಸ್ಥಳ ಕೊಡುವುದು. ಈ ಹಬ್ಬದ ಪರಂಪರೆಯನ್ನು ಹಿಂಡಿ ನೋಡಿದರೆ ಉಳಿಯುವ ಸಾರ ಇಷ್ಟೇ ಎಂದು ತಿಳಿಸುವುದು ಈ ಬರಹದ ಉದ್ದೇಶ. ಆ ಸಾರವನ್ನು ನಾವೇ ಮರೆತ ಒಂದು ಇರುಳನ್ನೂ ಮರೆಮಾಚದೆ ಹೇಳಬೇಕಾಗಿದೆ.

ಬೆತ್ಲೆಹೇಮಿನ ಮಣ್ಣು

ಪ್ರಭು ಯೇಸು ಯಾವ ತಿಂಗಳಿನ ಯಾವ ದಿನ ಜನಿಸಿದರೆಂಬುದನ್ನು ಶುಭಸಂದೇಶಕಾರರು ಬರೆದಿಟ್ಟಿಲ್ಲ. ಮೊದಲ ತಲೆಮಾರುಗಳ ಕ್ರೈಸ್ತರಿಗೆ ಪುನರುತ್ಥಾನದ ಹಬ್ಬವೇ ಹಬ್ಬಗಳ ತಲೆ. ರೋಮ್ ನಗರದಲ್ಲಿ ಡಿಸೆಂಬರ್ 25ರಂದು ಕ್ರಿಸ್ತಜನನವನ್ನು ಗುರುತಿಸಿರುವ ಅತಿ ಹಳೆಯ ಪಟ್ಟಿ 336ನೆಯ ಇಸವಿಗೆ ಸೇರಿದ್ದೆಂದು ವಿದ್ವಾಂಸರು ಹೇಳುತ್ತಾರೆ. ರೋಮನರು ಅದೇ ದಿನ ಆಚರಿಸುತ್ತಿದ್ದ ಸೂರ್ಯನ ಉತ್ಸವದ ಸ್ಥಾನದಲ್ಲಿ, ನೀತಿಯ ಸೂರ್ಯನಾದ ಕ್ರಿಸ್ತನ ಹಬ್ಬವನ್ನು ಶ್ರೀಸಭೆ ನೆಲೆಗೊಳಿಸಿತೆಂಬುದು ಒಂದು ಅಭಿಪ್ರಾಯ. ಮಾತೆ ಮರಿಯಮ್ಮನವರಿಗೆ ದೇವದೂತನು ಮಂಗಳವಾರ್ತೆಯನ್ನು ತಿಳಿಸಿದ್ದು ಮಾರ್ಚ್ 25ರಂದು ಎಂದು ಭಾವಿಸಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಈ ದಿನವನ್ನು ಗೊತ್ತುಮಾಡಿದರೆಂಬುದು ಇನ್ನೊಂದು. ಪೂರ್ವದೇಶದ ಸಭೆಗಳು ಬಹುಕಾಲ ಜನವರಿ 6ರಂದು ಈ ರಹಸ್ಯವನ್ನು ಕೊಂಡಾಡಿದವು. ಆರ್ಮೇನಿಯದ ಸಭೆ ಇಂದಿಗೂ ಅದೇ ದಿನವನ್ನು ಹಿಡಿದಿದೆ. ದಿನ ಬೇರೆಯಾದರೂ ಮಗು ಒಂದೇ.

ಬೆತ್ಲೆಹೇಮಿನಲ್ಲಿ ಕ್ರಿಸ್ತಜನನದ ತಾಣವೆಂದು ಜನರು ನಂಬಿಕೊಂಡು ಬಂದ ಗುಹೆಯ ಮೇಲೆ, ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ, ಆತನ ತಾಯಿ ಸಂತ ಹೆಲೆನಮ್ಮನವರು ಆ ನಾಡಿಗೆ ಬಂದುಹೋದ ಮೇಲೆ ದೇವಾಲಯವೊಂದು ಎದ್ದಿತು. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟೀನಿಯನ್ನನ ಆಳ್ವಿಕೆಯಲ್ಲಿ ಅದು ಮತ್ತೆ ಕಟ್ಟಲ್ಪಟ್ಟಿತು. ಅಲ್ಲಿಗೆ ಹೋಗುವ ಯಾತ್ರಿಕರು ಇಂದಿಗೂ ಒಂದು ಗಿಡ್ಡ ಬಾಗಿಲಿನಲ್ಲಿ ಬೆನ್ನು ಬಗ್ಗಿಸಿ ಒಳಹೊಗಬೇಕು. ಆ ಬಾಗಿಲಿಗೆ ದೀನತೆಯ ಬಾಗಿಲೆಂದು ಹೆಸರು.

ಪವಿತ್ರ ಬೈಬಲನ್ನು ಲತೀನ್ ಭಾಷೆಗೆ ತಂದ ಮಹಾಪಂಡಿತರಾದ ಸಂತ ಜೆರೋಮರು 386ರಿಂದ ತಮ್ಮ ಮರಣದವರೆಗೆ ಇದೇ ಬೆತ್ಲೆಹೇಮಿನಲ್ಲಿ ವಾಸವಾಗಿದ್ದರು. ಕ್ರಿಸ್ತಜನನದ ಕುರಿತಾದ ಒಂದು ಪ್ರವಚನದಲ್ಲಿ ಅವರು ಒಂದು ಸಂಗತಿಯನ್ನು ಪ್ರಸ್ತಾಪಿಸುತ್ತಾರೆ. ಪ್ರಭುವಿಗೆ ಗೌರವ ತೋರುವ ಉದ್ದೇಶದಿಂದ ಅಲ್ಲಿಯ ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇರಿಸಲಾಗಿತ್ತು. ಹಾಗೆ ಮಾಡಿದವರನ್ನು ಸಂತರು ಖಂಡಿಸುವುದಿಲ್ಲ. ಆದರೆ ತಮ್ಮ ಮಟ್ಟಿಗೆ, ತೆಗೆದುಹಾಕಿದ ಆ ಮಣ್ಣಿನ ಗೋದಲಿಯೇ ಹೆಚ್ಚು ಬೆಲೆಯುಳ್ಳದ್ದೆಂದು ಸ್ಪಷ್ಟವಾಗಿ ಹೇಳುತ್ತಾರೆ. ಭಕ್ತಿಯು ತಾನೇ ಭಕ್ತಿಗೆ ಅಡ್ಡಬರಬಹುದೆಂಬ ಎಚ್ಚರಿಕೆಯನ್ನು ಕೊಡಲು ಕ್ರೈಸ್ತ ಜನ ಅಷ್ಟು ಬೇಗ, ಐದನೆಯ ಶತಮಾನದ ಹೊತ್ತಿಗೇ, ಅವಕಾಶ ಮಾಡಿಕೊಟ್ಟಿದ್ದರೆಂಬುದು ಯೋಚಿಸತಕ್ಕ ಮಾತು. ಈ ಮಣ್ಣಿನ ಗೋದಲಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದರ ಪ್ರಸ್ತಾಪ ಬರಲಿದೆ.

ಗ್ರೆಚ್ಚೊ ಗ್ರಾಮದ ಇರುಳು

ಮಣ್ಣಿನ ಗೋದಲಿಯನ್ನು ಲೋಕಕ್ಕೆ ಮರಳಿಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಡಿಸೆಂಬರಿನಲ್ಲಿ ಅವರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಗ್ರಾಮದಲ್ಲಿದ್ದರು. ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ, ಜಾನ್ ಎಂಬ ತಮ್ಮ ಮಿತ್ರನಾದ ಜಮೀನುದಾರನನ್ನು ಕರೆದು, ಬೆತ್ಲೆಹೇಮಿನ ಶಿಶುವು ಹುಲ್ಲಿನ ಮೇಲೆ ಹೇಗೆ ಮಲಗಿತ್ತೆಂಬುದನ್ನು, ಅದರ ಕಷ್ಟಗಳನ್ನು ತಾವು ಕಣ್ಣಾರೆ ಕಾಣಬೇಕೆಂದು ತಿಳಿಸಿ, ಬೇಕಾದುದನ್ನು ಸಿದ್ಧಪಡಿಸುವಂತೆ ಕೇಳಿಕೊಂಡರು. ಅಂದು ಅಲ್ಲಿ ಯಾವ ಪ್ರತಿಮೆಗಳೂ ಇರಲಿಲ್ಲ. ಒಂದು ಗೋದಲಿ, ಅದರ ತುಂಬ ಹುಲ್ಲು, ಪಕ್ಕದಲ್ಲಿ ಜೀವಂತವಾದ ಒಂದು ಎತ್ತು ಮತ್ತು ಒಂದು ಕತ್ತೆ, ಇಷ್ಟೇ. ಸುತ್ತಲಿನ ಹಳ್ಳಿಗಳ ಗಂಡಸರೂ ಹೆಂಗಸರೂ ಪಂಜು ಮೇಣದಬತ್ತಿಗಳನ್ನು ಹಿಡಿದು ಆ ಕಾಡಿಗೆ ಬಂದರು. ಗೋದಲಿಯ ಬಳಿಯಲ್ಲಿಯೇ ಗುರುಗಳು ದಿವ್ಯ ಬಲಿಪೂಜೆಯನ್ನು ಅರ್ಪಿಸಿದರು. ಗುರುದೀಕ್ಷೆಯನ್ನು ಪಡೆಯದೆ ಉಪಯಾಜಕರಾಗಿಯೇ ಉಳಿದಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ, ಬಡ ಅರಸನ ಕುರಿತು ಜನರಿಗೆ ಪ್ರವಚನ ಮಾಡಿದರು. ಅವರ ಚರಿತ್ರೆಯನ್ನು ಮೊದಲು ಬರೆದ ಚೆಲಾನೊ ಊರಿನ ತೋಮಸರು ಈ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟಿದ್ದಾರೆ.

ಎತ್ತು ಮತ್ತು ಕತ್ತೆಯ ಮಾತು ಸಂತ ಲೂಕನ ಶುಭಸಂದೇಶದಲ್ಲಿ ಇಲ್ಲವೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಅವು ಗೋದಲಿಗೆ ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದಿಂದ. ಎತ್ತಿಗೂ ತನ್ನ ಒಡೆಯನ ಗುರುತುಂಟು, ಕತ್ತೆಗೂ ತನ್ನ ಧಣಿಯ ಗೋದಲಿ ಗೊತ್ತು, ದೇವಜನಕ್ಕೆ ಮಾತ್ರ ತಿಳಿವಳಿಕೆಯಿಲ್ಲವೆಂಬುದು ಪ್ರವಾದಿಯ ಅಳಲು. ಹೀಗೆ ನಾವು ಪ್ರತಿವರ್ಷ ಮಕ್ಕಳ ಸಂತೋಷಕ್ಕೆಂದು ಇರಿಸುವ ಆ ಎರಡು ಮೂಕಪ್ರಾಣಿಗಳು ದೊಡ್ಡವರಾದ ನಮ್ಮನ್ನು ಮೌನವಾಗಿ ವಿಚಾರಿಸಿಕೊಳ್ಳುತ್ತಿರುತ್ತವೆ. ಜಗದ್ಗುರು ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಇದೇ ಗ್ರೆಚ್ಚೊ ಗ್ರಾಮಕ್ಕೆ ಹೋಗಿ, ಗೋದಲಿಯ ಅರ್ಥವನ್ನು ಕುರಿತ ಪ್ರೇಷಿತ ಪತ್ರಕ್ಕೆ ಅಲ್ಲಿ ಸಹಿ ಹಾಕಿದರು. ಮನೆಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯವನ್ನು ಬಿಡಬಾರದೆಂದು ವಿಶ್ವಾಸಿಗಳನ್ನು ಪ್ರೋತ್ಸಾಹಿಸಿದರು. 2023ರಲ್ಲಿ ಗ್ರೆಚ್ಚೊ ಗೋದಲಿಗೆ ಎಂಟುನೂರು ವರ್ಷಗಳು ತುಂಬಿದವು.

ನಮ್ಮ ನಾಡಿಗೆ ಬಂದ ಬಗೆ

ಮೈಸೂರು ಸೀಮೆಯಲ್ಲಿ ಕಥೋಲಿಕ ವಿಶ್ವಾಸದ ಬಿತ್ತನೆಗೆ ದೀರ್ಘ ಇತಿಹಾಸವಿದೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು, ಈ ನಾಡಿನ ಸನ್ಯಾಸಿಗಳ ಬಾಳುವೆಯನ್ನು ಅನುಸರಿಸಿ, ಕನ್ನಡವನ್ನು ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕಗಳನ್ನು ಬರೆದರು. ಹದಿನೆಂಟನೆಯ ಶತಮಾನದಲ್ಲಿ ಯೇಸುಸಭೆಯು ವಿಸರ್ಜಿತವಾದ ಮೇಲೆ, ಫ್ರಾನ್ಸ್ ದೇಶದ ಪ್ಯಾರಿಸ್ ಹೊರನಾಡ ಮಿಷನ್ ಸಂಸ್ಥೆಯ ಗುರುಗಳು ಈ ಸೇವೆಯನ್ನು ವಹಿಸಿಕೊಂಡರು.

ನಡುವೆ ಕಷ್ಟದ ಕಾಲವೂ ಬಂದಿತು. 1784ರಲ್ಲಿ ಕೆನರಾ ಪ್ರಾಂತ್ಯದ ಸಾವಿರಾರು ಕಥೋಲಿಕರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಗುರುಗಳನ್ನು ನಾಡಿನಿಂದ ಹೊರಗಟ್ಟಲಾಗಿತ್ತು. ಅವರ ದೇವಾಲಯಗಳು ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಮಡಿದರು. 1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣವು ಬಿದ್ದು ಬಿಡುಗಡೆಯಾಗುವವರೆಗೆ ಹದಿನೈದು ಕ್ರಿಸ್ತಜಯಂತಿಗಳು ಕಳೆದುಹೋದವು. ಅಂದರೆ ಹದಿನೈದು ವರ್ಷ ಅವರಿಗೆ ಊರ ದೇವಾಲಯದ ಗಂಟೆಯಿಲ್ಲ, ಹಬ್ಬದ ಊಟವಿಲ್ಲ. ಅಷ್ಟಾದರೂ ಉಳಿದು ಮರಳಿದವರು ತಮ್ಮ ಊರುಗಳಲ್ಲಿ ಮಾಡಿದ ಕೆಲಸವೇನು? ಬಿದ್ದ ದೇವಾಲಯಗಳನ್ನು ಮತ್ತೆ ಎತ್ತಿ ಕಟ್ಟಿದ್ದು. ಸೆರೆಯಲ್ಲಿ ಹುಟ್ಟಿ, ದೇವಾಲಯವನ್ನೇ ಕಾಣದೆ ಬೆಳೆದ ಮಕ್ಕಳೂ ಆ ಕೆಲಸಕ್ಕೆ ಕೈಕೊಟ್ಟರು. ಹೊರಗಿನ ಆಚರಣೆಯೆಲ್ಲ ಕಳಚಿಹೋದ ಮೇಲೂ ತಂದೆತಾಯಿಗಳ ಬಾಯಿಂದ ಮಕ್ಕಳ ಕಿವಿಗೆ ಏನೋ ಒಂದು ದಾಟಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪರಂಪರೆಯೆಂದರೆ ಆ ದಾಟುವಿಕೆ.

ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದವರಲ್ಲಿ ಅಬ್ಬೆ ದ್ಯುಬುವಾ ಸ್ವಾಮಿಗಳು ಪ್ರಮುಖರು. 1792ರಲ್ಲಿ ಭಾರತಕ್ಕೆ ಬಂದ ಅವರು 1823ರಲ್ಲಿ ಫ್ರಾನ್ಸಿಗೆ ಹಿಂತಿರುಗುವವರೆಗೆ ಈ ನಾಡಿನ ಉಡುಗೆ ಉಟ್ಟು, ಈ ನಾಡಿನ ಆಹಾರವನ್ನು ಉಂಡು ಬಾಳಿದರು. ಹಾಸನದ ಸೀಮೆಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಸಿಡುಬು ಹಳ್ಳಿಗಳನ್ನು ನುಂಗುತ್ತಿದ್ದ ಕಾಲದಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಮುಂದಾದರು. ನೆಲೆ ತಪ್ಪಿದವನಿಗೆ ನೆಲೆ ಕೊಟ್ಟ ಈ ಕೆಲಸವೂ ಒಂದು ಗೋದಲಿಯೇ ಅಲ್ಲವೆ? ಮುಂದೆ 1850ರಲ್ಲಿ ಮೈಸೂರು ಪ್ರೇಷಿತ ಪ್ರಾಂತವಾಯಿತು, 1887ರಲ್ಲಿ ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾಗುವ ತನಕ ನಮ್ಮ ಹಿರಿಯರು ಮೈಸೂರು ಧರ್ಮಾಧ್ಯಕ್ಷರ ಆಡಳಿತದಲ್ಲಿಯೇ ಇದ್ದರು. ನಮ್ಮ ದೇವಾಲಯದ ಮೊದಲ ಕಲ್ಲು ಇಟ್ಟದ್ದು ಆ ಕಾಲದಲ್ಲಿ.

ನಮ್ಮ ಮಣ್ಣಿನ ಗೋದಲಿ

ಮೊದಲ ಕ್ರಿಸ್ತಜಯಂತಿಗಳ ವಿಚಾರವನ್ನು ನಾವು ಅಜ್ಜ ಅಜ್ಜಿಯರ ಬಾಯಿಂದ ಕೇಳಿದ್ದೇವೆ. ಸುತ್ತಲಿನ ಹಳ್ಳಿಗಳಿಂದ ಹಬ್ಬದ ಹಿಂದಿನ ಮಧ್ಯಾಹ್ನವೇ ಗಾಡಿಗಳು ಹೊರಡುತ್ತಿದ್ದವು. ಗಾಡಿಯ ನೊಗಕ್ಕೆ ಲಾಂದ್ರ ಕಟ್ಟಿ, ಒಳಗೆ ಹುಲ್ಲು ಹಾಸಿ, ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿ, ದಾರಿಯುದ್ದಕ್ಕೂ ಜಪಮಾಲೆ ಹೇಳುತ್ತ ಬರುತ್ತಿದ್ದರು. ದೇವಾಲಯದ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಿದ್ದರು. ಅವರೆಕಾಯಿಯ ಕಾಲ, ಸೊಗಡು ಅವರೆಯ ಸಾರಿನ ಪರಿಮಳ ಅಂಗಳವನ್ನೆಲ್ಲ ತುಂಬುತ್ತಿತ್ತಂತೆ. ಹಬ್ಬದ ಹಿಂದಿನ ದಿನ ಉಪವಾಸವಿದ್ದ ಹಿರಿಯರಿಗೆ ಅದು ಒಂದು ಪರೀಕ್ಷೆಯೇ ಸರಿ. ಬೆಳಗಿನ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಜಗದ್ಗುರು ಹನ್ನೆರಡನೆಯ ಪಿಯೂಸರು 1953ರಲ್ಲಿ ನೀರಿನ ನಿಯಮವನ್ನು ಸಡಿಲಿಸಿ, 1957ರಲ್ಲಿ ಉಪವಾಸವನ್ನು ಮೂರು ಗಂಟೆಗಳಿಗೆ ಇಳಿಸಿದರು. 1964ರಲ್ಲಿ ಅದು ಒಂದು ಗಂಟೆಯಾಯಿತು. ನಿಯಮ ಹಗುರವಾದಾಗ ಮನಸ್ಸೂ ಹಗುರವಾಗಬಾರದೆಂದು ಹಿರಿಯರು ಆಗಾಗ ಹೇಳುತ್ತಿದ್ದುದುಂಟು.

ನಮ್ಮ ದೇವಾಲಯದ ಹಳೆಯ ಗೋದಲಿಯ ಗೊಂಬೆಗಳು ಪರದೇಶದಿಂದ ಬಂದವಲ್ಲ. ಊರ ಕೆರೆಯ ಜೇಡಿಮಣ್ಣಿನಿಂದ ಅವನ್ನು ಮಾಡಿಕೊಟ್ಟವನು ಪಕ್ಕದ ಬೀದಿಯ ಕುಂಬಾರ. ಆತ ನಮ್ಮ ಮತದವನಲ್ಲ. ಉಪದೇಶಿಗಳು ಬೆತ್ಲೆಹೇಮಿನ ಕಥೆಯನ್ನು ಆತನ ತಿಗರಿಯ ಪಕ್ಕದಲ್ಲಿ ಕುಳಿತು ಹೇಳಿದರಂತೆ. ಕೇಳಿದ್ದನ್ನು ಆತ ತಾನು ಕಂಡ ಲೋಕದಲ್ಲಿ ರೂಪಿಸಿದ. ಆದುದರಿಂದಲೇ ನಮ್ಮ ಗೋದಲಿಯ ಎತ್ತಿಗೆ ಹಳ್ಳಿಕಾರ್ ತಳಿಯ ನೀಳ ಕೊಂಬುಗಳಿವೆ. ಕತ್ತೆಯ ಬೆನ್ನಿನ ಮೇಲೆ ಅಗಸರ ಬಟ್ಟೆಯ ಗಂಟಿನ ಗುರುತಿದೆ. ಕುರುಬರ ಹೆಗಲ ಮೇಲೆ ಕರಿಯ ಕಂಬಳಿ. ಸಂತ ಜೋಸೆಫರ ತಲೆಯ ಮೇಲೆ ರುಮಾಲು. ಮೂವರು ಜ್ಞಾನಿಗಳಲ್ಲಿ ಒಬ್ಬನಂತೂ ಊರ ಪಟೇಲನನ್ನೇ ಹೋಲುತ್ತಾನೆಂದು ಮಕ್ಕಳು ನಗುತ್ತಿದ್ದರು. ಆಗಮನ ಕಾಲದ ಮೂರನೆಯ ಭಾನುವಾರದ ಹೊತ್ತಿಗೆ ಮನೆಮನೆಯಲ್ಲಿ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲುವುದು ವಾಡಿಕೆ. ಹಬ್ಬದ ದಿನಕ್ಕೆ ಬೆರಳುದ್ದದ ಹಸುರು ಪೈರು ಸಿದ್ಧ. ಅದೇ ಗೋದಲಿಯ ಮುಂದಿನ ಹೊಲ. ಹುಲ್ಲು ಮಾತ್ರ ಆ ವರ್ಷದ ಹೊಸ ಮೆದೆಯಿಂದಲೇ ಬರಬೇಕು. ಬೆಳೆ ಚೆನ್ನಾಗಿ ಬಂದ ವರ್ಷ ಒಂದು ಕಂತೆ, ಬರಗಾಲದ ವರ್ಷ ಒಂದು ಹಿಡಿ. ಆದರೆ ಹುಲ್ಲಿಲ್ಲದ ವರ್ಷವಿಲ್ಲ.

ಹಬ್ಬದ ಬೆಳಗ್ಗೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ರವೆಯುಂಡೆಗಳ ತಟ್ಟೆಗಳು ಬೀದಿಯ ಎಲ್ಲ ಮನೆಗಳಿಗೂ ಹೋಗುತ್ತಿದ್ದವು, ಕುಂಬಾರನ ಮನೆಗೆ ಮೊದಲು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮ ಊರಿನಲ್ಲಿಲ್ಲ. ಸಂಕ್ರಾಂತಿಗೆ ಅದು ಎಳ್ಳುಬೆಲ್ಲದೊಡನೆ ಮರಳಿ ಬರುತ್ತಿತ್ತು.

ಭಾಷೆ ಬದಲಾದ ಇರುಳು

ನಮ್ಮ ಹಿರಿಯರ ಬಾಲ್ಯದಲ್ಲಿ ನಡುರಾತ್ರಿಯ ಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆಗೆ ಮುಖಮಾಡಿ ಪೂಜೆ ಅರ್ಪಿಸುತ್ತಿದ್ದರು. ಜನರು ಅರ್ಥ ತಿಳಿಯದಿದ್ದರೂ ಆ ಮಾತುಗಳ ನಾದಕ್ಕೆ ಹೊಂದಿಕೊಂಡು, ಕನ್ನಡದಲ್ಲಿ ಜಪಮಾಲೆಯನ್ನು ಹೇಳುತ್ತಿದ್ದರು. ಆಗಮನ ಕಾಲವೆಲ್ಲ ಮೌನವಾಗಿದ್ದ ಮಹಿಮಾಗೀತೆ ಅಂದು ಮೊಳಗಿದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತಿದ್ದವು. ಬಾಲಯೇಸುವಿನ ಪ್ರತಿಮೆಯನ್ನು ಗೋದಲಿಯಲ್ಲಿ ಇರಿಸುತ್ತಿದ್ದುದು ಆಗಲೇ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿ, ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ನಂತರದ ವರ್ಷಗಳಲ್ಲಿ ನಮ್ಮ ಪೀಠದ ಮೇಲೂ ಕನ್ನಡ ಬಂದಿತು. ಕೆಲವರು ಇದನ್ನು ಸಂದೇಹದಿಂದ ನೋಡಿದರು. ಪಾವಿತ್ರ್ಯ ಕಡಿಮೆಯಾದೀತೆಂದು ಹೆದರಿದವರೂ ಇದ್ದರು. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದ ತಾಯಂದಿರು, ಗುರುಗಳ ಬಾಯಿಂದ ಕ್ರಿಸ್ತಜನನದ ವಾರ್ತೆಯನ್ನು ತಾವು ಒಲೆಯ ಮುಂದೆ ಆಡುವ ಮಾತಿನಲ್ಲಿಯೇ ಕೇಳಿ ಕಣ್ಣೊರೆಸಿಕೊಂಡದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾಣದ ಛತ್ರದ ಬಾಗಿಲೊಂದು ಆ ದಿನ ತೆರೆದಂತಾಯಿತು. ದೇವರ ವಾಕ್ಯವು ಕನ್ನಡದಲ್ಲಿ ಸ್ಥಳ ಕೇಳಿತು. ಕನ್ನಡವು ಪೀಠದಲ್ಲಿ ಸ್ಥಳ ಪಡೆಯಿತು.

ಒಂದು ವಿಧಿಯನ್ನು ಮಾತ್ರ ಹಳೆಯ ಪೂಜೆಯಿಂದ ಹೊಸ ಪೂಜೆಯೂ ಉಳಿಸಿಕೊಂಡಿದೆ. ವಿಶ್ವಾಸಸಂಗ್ರಹವನ್ನು ಹೇಳುವಾಗ, ದೇವಪುತ್ರನು ಕನ್ಯಾಮರಿಯಳಲ್ಲಿ ಮನುಷ್ಯನಾದನೆಂಬ ಮಾತಿಗೆ ಇತರ ಭಾನುವಾರಗಳಲ್ಲಿ ನಾವು ತಲೆಬಾಗಿಸುತ್ತೇವೆ. ಕ್ರಿಸ್ತಜಯಂತಿಯಂದಾದರೋ ಎಲ್ಲರೂ ಮೊಣಕಾಲೂರುತ್ತೇವೆ. ಧನಿಕ, ಬಡವ, ಅಕ್ಷರಸ್ಥ, ಅನಕ್ಷರಸ್ಥ ಎಂಬ ಭೇದವಿಲ್ಲದೆ ಇಡೀ ದೇವಾಲಯವು ಒಂದು ಕ್ಷಣ ಶಿಶುವಿನ ಎತ್ತರಕ್ಕೆ ಇಳಿಯುತ್ತದೆ. ಬೆತ್ಲೆಹೇಮಿನ ಗಿಡ್ಡ ಬಾಗಿಲನ್ನು ನೋಡಲು ಹೋಗಲಾಗದ ನಮಗೆ ಈ ಮೊಣಕಾಲೇ ಆ ಬಾಗಿಲು.

ನಾವು ತಪ್ಪಿದ ವರ್ಷ

ಈಗ ಹೇಳಬೇಕಾದುದು ಸುಲಭವಾದ ಮಾತಲ್ಲ. ಸ್ಮರಣ ಸಂಚಿಕೆಗಳಲ್ಲಿ ಸಾಧನೆಗಳನ್ನು ಬರೆಯುವುದು ರೂಢಿ. ಆದರೆ ಪಾಪನಿವೇದನೆಯನ್ನು ಸಂಸ್ಕಾರವೆಂದು ನಂಬುವ ಜನ ನಾವು. ನೂರು ವರ್ಷಗಳ ಲೆಕ್ಕದಲ್ಲಿ ಇದೊಂದು ಸಾಲನ್ನು ಬಿಟ್ಟರೆ ಲೆಕ್ಕ ತಪ್ಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಗೋದಲಿಯನ್ನು ದೊಡ್ಡದಾಗಿ ಮಾಡಬೇಕೆಂಬ ಉತ್ಸಾಹ ಹುಟ್ಟಿತು. ಉದ್ದೇಶ ಒಳ್ಳೆಯದೇ. ಯುವಕರು ವಾರಗಟ್ಟಲೆ ನಿದ್ದೆಗೆಟ್ಟು ದುಡಿದರು. ಹಿರಿಯರಾದ ನಾವು ವಂತಿಗೆ ಎತ್ತಿಕೊಟ್ಟು ಬೆನ್ನು ತಟ್ಟಿದೆವು. ನಗರದಿಂದ ಬಣ್ಣದ ಹೊಸ ಪ್ರತಿಮೆಗಳು ಬಂದವು. ನೀರು ಧುಮುಕುವ ಬೆಟ್ಟ, ತಾನಾಗಿ ತಿರುಗುವ ಗಾಳಿಯಂತ್ರ, ಮಿನುಗುವ ನಕ್ಷತ್ರ ಎಲ್ಲವೂ ಸಿದ್ಧವಾದವು. ಹಳೆಯ ಮಣ್ಣಿನ ಗೊಂಬೆಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ಉಗ್ರಾಣ ಸೇರಿದವು. ಹೊಸ ಗೋದಲಿಗೆ ಹಳೆಯ ಮೂಲೆ ಸಾಲದಾಗಿ, ಪೀಠದ ಎಡಕ್ಕೆ, ಜನರು ಚಾಪೆ ಹಾಸಿಕೊಂಡು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಅದನ್ನು ಕಟ್ಟಲಾಯಿತು.

ಆ ಚಾಪೆಗಳ ಮೇಲೆ ಕುಳಿತುಕೊಳ್ಳುತ್ತಿದ್ದವರು ಯಾರು? ಊರಾಚೆಯ ಕಲ್ಲುಕ್ವಾರಿಯಲ್ಲಿ ದುಡಿಯಲು ದೂರದಿಂದ ಬಂದು ಗುಡಿಸಲು ಹಾಕಿಕೊಂಡಿದ್ದ ಏಳೆಂಟು ಕುಟುಂಬಗಳು. ವಿಶ್ವಾಸದಲ್ಲಿ ನಮ್ಮವರೇ, ಆದರೆ ಅವರ ಹೆಸರುಗಳು ನಮ್ಮ ಧರ್ಮಕೇಂದ್ರದ ಕುಟುಂಬಗಳ ದಫ್ತರಿನಲ್ಲಿ ಇರಲಿಲ್ಲ, ವಂತಿಗೆಯ ಪಟ್ಟಿಯಲ್ಲಂತೂ ಇರಲೇ ಇಲ್ಲ. ಅವರ ಮಾತೂ ಬೇರೆಯಾಗಿತ್ತು. ಭಾನುವಾರಗಳಲ್ಲಿ ಸದ್ದಿಲ್ಲದೆ ಬಂದು, ಚಾಪೆಯ ಮೇಲೆ ಕುಳಿತು, ಪೂಜೆ ಮುಗಿದೊಡನೆ ಸದ್ದಿಲ್ಲದೆ ಹೋಗುತ್ತಿದ್ದರು.

ಆ ಇರುಳು ಅವರು ಹೊಸ ಬಟ್ಟೆ ಉಟ್ಟು ಬಂದರು. ಬೆಂಚುಗಳೆಲ್ಲ ತುಂಬಿದ್ದವು. ಚಾಪೆಯ ಜಾಗದಲ್ಲಿ ಬೆಟ್ಟವಿತ್ತು. ಬಾಗಿಲಲ್ಲಿ ನಿಂತಿದ್ದ ನಮ್ಮವರು, ಒರಟಾಗಿ ಅಲ್ಲ, ಕೈಮುಗಿದು ವಿನಯದಿಂದಲೇ, ಒಳಗೆ ಸ್ಥಳವಿಲ್ಲವೆಂದು ತಿಳಿಸಿದರು. ಅವರೂ ವಿನಯದಿಂದಲೇ ಹೊರಗಿನ ಮೆಟ್ಟಿಲುಗಳ ಮೇಲೆ, ಇಬ್ಬನಿಯಲ್ಲಿ ನಿಂತರು. ಅವರಲ್ಲಿ ಒಬ್ಬ ತಾಯಿಯ ಮಡಿಲಿನಲ್ಲಿ ಹಸುಗೂಸು ಇತ್ತು. ಕೆಲವು ನಿಮಿಷಗಳಲ್ಲಿ ಗುರುಗಳು ಶುಭಸಂದೇಶವನ್ನು ಓದಿದರು. ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲವೆಂಬ ಮಾತು ಧ್ವನಿವರ್ಧಕದ ಮೂಲಕ ಒಳಗೂ ಹೊರಗೂ ಕೇಳಿಸಿತು.

ನಾವು ಕೇಳಿದೆವು. ಕೇಳಿಯೂ ಕುಳಿತಿದ್ದೆವು. ಎದ್ದವರು ಒಬ್ಬರೇ, ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ. ಅವರು ಯಾರಿಗೂ ಏನೂ ಹೇಳಲಿಲ್ಲ. ಕೋಲೂರಿಕೊಂಡು ನಡುವಿನ ದಾರಿಯಲ್ಲಿ ನಡೆದು, ಹೊರಗೆ ಹೋಗಿ, ತಮ್ಮ ಶಾಲನ್ನು ಆ ತಾಯಿಯ ಹೆಗಲಿಗೆ ಹೊದಿಸಿ, ಪೂಜೆ ಮುಗಿಯುವ ತನಕ ಅವರೊಡನೆಯೇ ನಿಂತರು. ನಾವು ಬೆಲೆಕೊಟ್ಟು ತಂದ ಬೆಟ್ಟ, ನೀರು, ನಕ್ಷತ್ರಗಳಲ್ಲಿ ಇಲ್ಲದ ಗೋದಲಿ ಆ ಇರುಳು ದೇವಾಲಯದ ಮೆಟ್ಟಿಲ ಮೇಲೆ ಇತ್ತು.

ಹಬ್ಬದ ನಂತರದ ಧರ್ಮಕೇಂದ್ರ ಸಭೆಯಲ್ಲಿ ಮೊದಲು ಎದ್ದುನಿಂತವನು ಬಾಗಿಲಲ್ಲಿ ನಿಂತಿದ್ದ ಯುವಕನೇ. ತಾನಾಡಿದ ಮಾತು ಬೈಬಲಿನ ಮಾತೆಂದು ತನಗೆ ಓದು ಮುಗಿದ ಮೇಲೆ ಹೊಳೆಯಿತೆಂದು ಹೇಳಿ ಆತ ಅತ್ತ. ತಪ್ಪು ಆತನೊಬ್ಬನದಲ್ಲ, ಸ್ಥಳವನ್ನು ಅಳೆದವರು ನಾವು, ವಂತಿಗೆ ಕೊಟ್ಟವರು ನಾವು, ಎದ್ದು ಜಾಗ ಬಿಡದೆ ಕುಳಿತವರು ನಾವು. ಮರುವರ್ಷ ಗೋದಲಿಯು ತನ್ನ ಹಳೆಯ ಮೂಲೆಗೆ ಮರಳಿತು. ಉಗ್ರಾಣದಿಂದ ಮಣ್ಣಿನ ಗೊಂಬೆಗಳು ಹೊರಬಂದವು. ಎತ್ತಿನ ಒಂದು ಕೊಂಬು ಮುರಿದಿತ್ತು. ಪೀಠದ ಎಡಕ್ಕೆ ಚಾಪೆಗಳನ್ನು ಹಾಸಿ ಕಾದೆವು. ಆದರೆ ಅಷ್ಟು ಹೊತ್ತಿಗೆ ಕ್ವಾರಿಯ ಕೆಲಸ ನಿಂತುಹೋಗಿತ್ತು, ಗುಡಿಸಲುಗಳು ಖಾಲಿಯಾಗಿದ್ದವು. ಅವರು ಯಾವ ಊರಿಗೆ ಹೋದರೆಂದು ಹೇಳಬಲ್ಲವರು ಯಾರೂ ಇರಲಿಲ್ಲ, ಏಕೆಂದರೆ ಅವರ ಹೆಸರುಗಳನ್ನು ನಾವು ಬರೆದುಕೊಂಡಿರಲಿಲ್ಲ. ಕ್ಷಮೆ ಕೇಳುವುದಕ್ಕೂ ಹೆಸರು ಬೇಕೆಂಬುದನ್ನು ನಾವು ಆ ವರ್ಷ ಕಲಿತೆವು.

ಮುರಿದ ಕೊಂಬನ್ನು ನಾವು ಸರಿಪಡಿಸಿಲ್ಲ. ಅದು ಹಾಗೆಯೇ ಇರಲಿ ಎಂದು ಸಭೆ ತೀರ್ಮಾನಿಸಿತು. ಎತ್ತಿಗೆ ತನ್ನ ಒಡೆಯನ ಗುರುತುಂಟೆಂದು ಪ್ರವಾದಿ ಹೇಳಿದ ಮಾತನ್ನು ನಮ್ಮ ಮಕ್ಕಳು ಕೇಳಿದಾಗ, ಕೊಂಬು ಏಕೆ ಮುರಿದಿದೆಯೆಂದೂ ಅವರು ಕೇಳುತ್ತಾರೆ. ಆಗ ಈ ಕಥೆಯನ್ನು ಹೇಳಬೇಕಾಗುತ್ತದೆ.

ಬರುವ ನೂರಕ್ಕೆ

ಸಂಪ್ರದಾಯವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹಳೆಯದನ್ನೆಲ್ಲ ಇದ್ದಹಾಗೆಯೇ ಉಳಿಸಬೇಕೆನ್ನುವವರಿದ್ದಾರೆ; ಕಾಲಕ್ಕೆ ತಕ್ಕಂತೆ ಎಲ್ಲವನ್ನೂ ಬದಲಿಸಬೇಕೆನ್ನುವವರಿದ್ದಾರೆ. ನೂರು ಗೋದಲಿಗಳನ್ನು ಹಿಂದಿರುಗಿ ನೋಡಿದರೆ ಎರಡೂ ಪೂರ್ಣ ಸತ್ಯವಲ್ಲವೆಂದು ತಿಳಿಯುತ್ತದೆ. ಭಾಷೆ ಬದಲಾಯಿತು, ಉಪವಾಸದ ನಿಯಮ ಬದಲಾಯಿತು, ಗಾಡಿ ಹೋಗಿ ಬಸ್ಸು ಬಂದಿತು, ಲಾಂದ್ರ ಹೋಗಿ ವಿದ್ಯುದ್ದೀಪ ಬಂದಿತು. ಕೊರೋನಾ ಮಹಾಮಾರಿಯ 2020ರಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಬ್ಬರಿಂದೊಬ್ಬರು ದೂರ ನಿಂತು ಹಬ್ಬವನ್ನು ಮಾಡಿದೆವು. ಇಷ್ಟಾದರೂ ಹಬ್ಬ ಹಬ್ಬವಾಗಿಯೇ ಉಳಿಯಿತು. ಹಬ್ಬವು ಹಬ್ಬವಾಗದೆ ಹೋದದ್ದು ಒಂದೇ ಒಂದು ವರ್ಷ. ಅದು ಬಡತನದ ವರ್ಷವಲ್ಲ, ನಮ್ಮ ಗೋದಲಿ ಎಲ್ಲಕ್ಕಿಂತ ಅಂದವಾಗಿದ್ದ ವರ್ಷ. ಬೆಳ್ಳಿಯ ಗೋದಲಿಯ ಮುಂದೆ ನಿಂತು ಮಣ್ಣಿನದನ್ನು ನೆನೆದ ಸಂತ ಜೆರೋಮರ ಮನಸ್ಸು ನಮಗೆ ಆಗ ಅರ್ಥವಾಯಿತು.

ಶತಮಾನೋತ್ಸವದ ಸಂದರ್ಭದಲ್ಲಿ ಕಟ್ಟ ಬೇಕಾದದ್ದು ಬಹಳವಿದೆ. ಗೋಪುರಕ್ಕೆ ಸುಣ್ಣಬಣ್ಣ ಆಗಲಿ, ಅಂಗಳಕ್ಕೆ ಕಲ್ಲುಹಾಸು ಬರಲಿ, ಬೇಡವೆನ್ನುವವರು ನಾವಲ್ಲ. ನಮ್ಮ ಕೋರಿಕೆ ಎರಡೇ. ಪೀಠದ ಎಡಕ್ಕೆ ಇರುವ ಚಾಪೆಯ ಜಾಗವನ್ನು ಯಾವ ಕಾರಣಕ್ಕೂ ಯಾರೂ ಮುಚ್ಚದಿರಲಿ. ಹೊಸದಾಗಿ ಬಂದವರ ಹೆಸರನ್ನು ಅವರ ಮೊದಲ ಭಾನುವಾರವೇ ಕೇಳಿ, ದಫ್ತರಿನಲ್ಲಿ ಬರೆದುಕೊಳ್ಳುವ ಕರ್ತವ್ಯವನ್ನು ಧರ್ಮಕೇಂದ್ರವು ವಹಿಸಿಕೊಳ್ಳಲಿ. ಇಂದು ನಮ್ಮ ಊರಿನ ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಅವುಗಳನ್ನು ಕಟ್ಟುವ ಕೈಗಳು ಯಾವ ಯಾವ ನಾಡಿನವೋ, ಯಾವ ಯಾವ ನುಡಿಯವೋ. ಅವರಲ್ಲಿ ನಮ್ಮ ವಿಶ್ವಾಸದವರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ. ನಮ್ಮ ಗೊಂಬೆಗಳನ್ನು ಮಾಡಿಕೊಟ್ಟ ಕುಂಬಾರನು ನಮ್ಮ ಕಥೆಗೆ ತನ್ನ ಮಣ್ಣಿನಲ್ಲಿ ಸ್ಥಳ ಕೊಟ್ಟ. ನಾವು ಆತನಿಗಿಂತ ಕಡಿಮೆಯವರಾಗಬಾರದು.

ಈ ವರ್ಷದ ಆಗಮನ ಕಾಲದಲ್ಲಿಯೂ ಮನೆಮನೆಯಲ್ಲಿ ರಾಗಿಯ ಪೈರು ಮೊಳೆಯಲಿದೆ. ನೂರೊಂದನೆಯ ಗೋದಲಿಗೆ ಹುಲ್ಲು ತರುವ ಸರದಿ ಈಗಿನ ಮಕ್ಕಳದು. ನೂರು ವರ್ಷಗಳ ಕಾಲ ನಮ್ಮನ್ನು ಕೈಹಿಡಿದು ನಡೆಸಿದ ಪರಮದಯಾಳುವಾದ ದೇವರಿಗೆ ಸ್ತೋತ್ರ ಸಲ್ಲಲಿ. ಸ್ಥಳ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುವವರಲ್ಲಿ ಆ ಶಿಶುವನ್ನು ಗುರುತಿಸುವ ಕಣ್ಣನ್ನು, ಎದ್ದುನಿಲ್ಲುವ ಕಾಲನ್ನು, ಮಾತೆ ಮರಿಯಮ್ಮನವರ ಹಾಗೂ ಸಂತ ಜೋಸೆಫರ ಪ್ರಾರ್ಥನೆಯಿಂದ ನಾವೂ ನಮ್ಮ ಮಕ್ಕಳೂ ಪಡೆಯುವಂತಾಗಲಿ.